ಮಳೆಗಾಲದ ಕುದುರೆ ಸವಾರಿ: ಮೊದಲು ಗೊರಸು ನೋಡಿ

ತೀರ್ಥಹಳ್ಳಿ, ಹೊಸನಗರದ ಕಡೆ ಕುದುರೆ ಸವಾರಿ ಮಾಡುವವರಲ್ಲಿ ಒಂದು ವಿನಂತಿ. ಮಳೆಯಲ್ಲಿ ಸುತ್ತಾಡಿ ಬಂದ ಕೂಡಲೇ ಜೀನು ಇಳಿಸಿ ನಾಲ್ಕೂ ಗೊರಸುಗಳನ್ನು ಎತ್ತಿ ನೋಡಿ. ಕೆಸರು, ಜಂಬಿಟ್ಟಿಗೆಯ ಹರಳು ಅಡಿಯ ಸಂದಿಯಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆರೆದು ತೆಗೆಯಿರಿ. ನಡುವಿನ ಮೆತ್ತನೆಯ ತ್ರಿಕೋನ ಭಾಗಕ್ಕೆ ಮೊನೆ ಚುಚ್ಚಬಾರದು. ಅಲ್ಲಿ ಕಪ್ಪು ರಸ ಒಸರಿ ಕೊಳೆತ ವಾಸನೆ ಬಂದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಲಾಯದ ನೆಲ ಒಣಗಿರದಿದ್ದರೆ ಯಾವ ಔಷಧಿಯೂ ನಾಟುವುದಿಲ್ಲ. ಕಾಲಿನ ಇಂಬಳಗಳನ್ನೂ (ಜಿಗಣೆಗಳನ್ನೂ) ಬಿಡಿಸಿ.

ಗುಂಪಾಗಿ ಹೊರಡುವ ಕ್ಲಬ್ಬಿನವರು ತೋಟದ ಯಜಮಾನರನ್ನು, ಕಾಡಾದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಳ್ಳಿ. ದಾಟಿದ ದಣಪೆಯನ್ನು, ಅಂದರೆ ಬೇಲಿಯ ದಾರಿಗೆ ಅಡ್ಡ ಇಡುವ ಗಳುಗಳನ್ನು, ತಪ್ಪದೆ ಮತ್ತೆ ಹಾಕಿ. ದನ ನುಗ್ಗಿದರೆ ಅಡಿಕೆ ಸಸಿ ಉಳಿಯುವುದಿಲ್ಲ, ಮುಂದಿನ ಸವಾರರಿಗೆ ಆ ದಾರಿಯೂ ಸಿಗುವುದಿಲ್ಲ.