ಗುಟ್ಟು ಗುಟ್ಟಾಗಿಯೇ ಉಳಿಯಬೇಕೆ? ಆ್ಯಪ್ ಆರಿಸುವುದು ಹೀಗೆ

ಮೆಸೇಜಿಂಗ್ ಆ್ಯಪ್ ಹಾಕಿಕೊಳ್ಳುವಾಗ ನಾವು ನೋಡುವುದು ಸಾಮಾನ್ಯವಾಗಿ ಒಂದೇ ಸಂಗತಿ: ಪರಿಚಯದವರೆಲ್ಲ ಅದರಲ್ಲಿದ್ದಾರೆಯೇ? ಅದು ತಪ್ಪೇನಲ್ಲ. ಎದುರಿಗೆ ಯಾರೂ ಇಲ್ಲದಿದ್ದರೆ ಆ್ಯಪ್ ಎಷ್ಟು ಭದ್ರವಾಗಿದ್ದು ಏನು ಪ್ರಯೋಜನ? ಆದರೆ ವೈದ್ಯರಿಗೆ ತೋರಿಸುವ ರಿಪೋರ್ಟು, ಬ್ಯಾಂಕಿನ ಕಾಗದದ ಫೋಟೊ, ಮನೆಯೊಳಗಿನ ಮನಸ್ತಾಪ, ಕೆಲಸ ಬಿಡುವ ಯೋಚನೆ ಎಲ್ಲವೂ ಅದೇ ಆ್ಯಪ್‌ನಲ್ಲಿ ಹಾದುಹೋಗುತ್ತವೆ. ಹಾಗಾಗಿ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು.

ಕೀ ಯಾರ ಬಳಿ ಇದೆ?

‘ಎನ್‌ಕ್ರಿಪ್ಟೆಡ್’ (ಬೇರೆಯವರು ಓದಲಾಗದಂತೆ ಗೂಢಲಿಪಿಗೆ ತಿರುಗಿಸಿದ್ದು) ಎಂದು ಬರೆದದ್ದನ್ನು ಕಂಡೊಡನೆ ಸಮಾಧಾನಪಡಬೇಡಿ. ಕೆಲವು ಆ್ಯಪ್‌ಗಳಲ್ಲಿ ಮೆಸೇಜು ಕಂಪನಿಯ ಸರ್ವರ್ ತಲುಪುವ ತನಕ ಮಾತ್ರ ಗುಪ್ತ. ಅಲ್ಲಿ ಅದನ್ನು ಬಿಡಿಸಿ ಓದುವ ಕೀ ಕಂಪನಿಯ ಕೈಯಲ್ಲೇ ಇರುತ್ತದೆ. ನಮಗೆ ಬೇಕಾದದ್ದು ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್. ಇದರಲ್ಲಿ ಕೀ ಇರುವುದು ಮಾತಾಡುವವರ ಫೋನುಗಳಲ್ಲಿ ಮಾತ್ರ.

ಝೂಮ್ ಕಂಪನಿ ತನ್ನ ಮೀಟಿಂಗ್‌ಗಳು ಎಂಡ್-ಟು-ಎಂಡ್ ಎಂದು ಹೇಳಿಕೊಂಡಿತ್ತು. ಆದರೆ ಕೀ ಅದರ ಸರ್ವರಿನಲ್ಲೇ ಇತ್ತು ಎಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ ಆಕ್ಷೇಪ ಎತ್ತಿತು. ಅದೇ ವರ್ಷ ನಿಜವಾದ ಎಂಡ್-ಟು-ಎಂಡ್ ಸೌಲಭ್ಯ ಬಂತು. ಅದನ್ನು ಆನ್ ಮಾಡಿದರೆ ಕ್ಲೌಡ್ ರೆಕಾರ್ಡಿಂಗ್ ಕೆಲಸ ಮಾಡುವುದಿಲ್ಲ. ಸರ್ವರಿಗೆ ಮಾತೇ ಕೇಳಿಸದಿದ್ದ ಮೇಲೆ ರೆಕಾರ್ಡ್ ಮಾಡುವುದಾದರೂ ಏನನ್ನು? ವಿಡಿಯೊ ಆ್ಯಪ್ ಪರೀಕ್ಷಿಸುವಾಗ ಇದು ಒಳ್ಳೆಯ ಸುಳಿವು. ನಿಮ್ಮ ಮೀಟಿಂಗ್ ಕಂಪನಿಯ ಕ್ಲೌಡ್‌ನಲ್ಲಿ ರೆಕಾರ್ಡ್ ಆಗುತ್ತಿದ್ದರೆ, ಮಾತು ಅವರಿಗೂ ತಲುಪುತ್ತಿದೆ ಎಂದೇ ತಿಳಿಯಿರಿ.

ತಾನಾಗಿಯೇ ಆನ್ ಆಗಿದೆಯೇ?

ಸಿಗ್ನಲ್ ಮತ್ತು ವಾಟ್ಸ್‌ಆ್ಯಪ್‌ಗಳಲ್ಲಿ ಖಾಸಗಿ ಚಾಟ್, ಗ್ರೂಪ್, ಕಾಲ್ ಎಲ್ಲಕ್ಕೂ ಈ ರಕ್ಷಣೆ ಮೊದಲಿನಿಂದಲೇ ಇರುತ್ತದೆ. ಟೆಲಿಗ್ರಾಂ ಹಾಗಲ್ಲ. ಅಲ್ಲಿ ಮಾಮೂಲಿ ಚಾಟ್ ಸರ್ವರಿನಲ್ಲಿ ಕೂರುತ್ತದೆ; ಇಬ್ಬರ ನಡುವಿನ ‘ಸೀಕ್ರೆಟ್ ಚಾಟ್’ ಅನ್ನು ನೀವೇ ಶುರು ಮಾಡಬೇಕು, ಗ್ರೂಪ್‌ ಚಾಟ್‌ಗಳಿಗೆ ಆ ಅನುಕೂಲವೇ ಇಲ್ಲ. ಸುದ್ದಿ ಚಾನೆಲ್ ಓದಲು ಟೆಲಿಗ್ರಾಂ ಸಾಕು. ಗುಟ್ಟಿನ ಮಾತಿಗೆ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಯಾರೊಡನೆ, ಯಾವಾಗ ಎಂಬ ಲೆಕ್ಕ

ಮಾತು ಗುಪ್ತವಾಗಿದ್ದರೂ ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂಬ ವಿವರ ಕಂಪನಿಗೆ ಸಿಗಬಹುದು. ಕ್ಯಾನ್ಸರ್ ತಜ್ಞರಿಗೆ ಒಂದೇ ವಾರದಲ್ಲಿ ಹತ್ತು ಕಾಲ್ ಹೋಗಿದ್ದರೆ, ಮಾತೇನೆಂದು ಕೇಳಬೇಕಾಗಿಯೇ ಇಲ್ಲ. ವಾಟ್ಸ್‌ಆ್ಯಪ್ 2016ರಿಂದ ಸಿಗ್ನಲ್‌ನ ಎನ್‌ಕ್ರಿಪ್ಷನ್ ವಿಧಾನವನ್ನೇ ಬಳಸುತ್ತಿದೆ, ಆದರೆ ಅದರ ಒಡೆತನ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯದು. ಬಳಕೆಯ ವಿವರ ಸಂಗ್ರಹವಾಗುತ್ತದೆ ಎಂದು ಅದರ ನೀತಿಯೇ ಹೇಳುತ್ತದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆ ನಡೆಸುವ ಸಿಗ್ನಲ್‌ಗೆ 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು (ಅಪರಾಧದ ಆರೋಪಗಳನ್ನು ಪರಿಶೀಲಿಸುವ ನಾಗರಿಕರ ಮಂಡಳಿ) ಬಳಕೆದಾರರ ಮಾಹಿತಿ ಕೇಳಿತು. ಸಿಗ್ನಲ್ ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಇಷ್ಟೇ. ಬೇರೇನನ್ನೂ ಅವರು ಇಟ್ಟುಕೊಂಡೇ ಇರಲಿಲ್ಲ. ನನ್ನ ಮೊದಲ ಆಯ್ಕೆ ಸಿಗ್ನಲ್ ಆಗಿರುವುದಕ್ಕೆ ಇದೇ ಕಾರಣ. ಖಾತೆ ತೆರೆಯಲು ಫೋನ್ ನಂಬರ್ ಬೇಕು, ನಿಜ. ಆದರೆ 2024ರಿಂದ ನಂಬರ್ ಮರೆಮಾಡಿ ಯೂಸರ್‌ನೇಮ್ ಕೊಟ್ಟು ಮಾತಾಡಬಹುದು.

ಬ್ಯಾಕಪ್ ಎಂಬ ಹಿಂಬಾಗಿಲು

ಹೆಚ್ಚಿನವರು ಎಡವುವುದು ಇಲ್ಲಿ. ವಾಟ್ಸ್‌ಆ್ಯಪ್ ಚಾಟ್ ಫೋನಿನಲ್ಲಿ ಎಷ್ಟೇ ಭದ್ರವಾಗಿದ್ದರೂ, ಗೂಗಲ್ ಡ್ರೈವ್ ಅಥವಾ ಐಕ್ಲೌಡ್‌ಗೆ ಹೋಗುವ ಬ್ಯಾಕಪ್‌ಗೆ ಎಂಡ್-ಟು-ಎಂಡ್ ರಕ್ಷಣೆಯನ್ನು ನೀವೇ ಆನ್ ಮಾಡಬೇಕು. ಈ ಸೌಲಭ್ಯ ಬಂದದ್ದು 2021ರಲ್ಲಿ. ಸೆಟ್ಟಿಂಗ್ಸ್‌ಗೆ ಹೋಗಿ, ಚಾಟ್ಸ್ ಒತ್ತಿ, ಚಾಟ್ ಬ್ಯಾಕಪ್ ತೆರೆಯಿರಿ. ಅಲ್ಲಿ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್’ ಎಂಬ ಸಾಲು ಕಾಣುತ್ತದೆ. ಅದನ್ನು ಆನ್ ಮಾಡಿ ಪಾಸ್‌ವರ್ಡ್ ಕೊಡಬಹುದು, ಇಲ್ಲವೇ ಆ್ಯಪ್ ಕೊಡುವ 64 ಅಂಕಿ-ಅಕ್ಷರಗಳ ಕೀ ಬಳಸಬಹುದು. ಅದನ್ನು ಕಾಗದದಲ್ಲಿ ಬರೆದು ಭದ್ರವಾಗಿಡಿ. ಫೋನೂ ಹೋಗಿ, ಆ ಗುಟ್ಟೂ ಮರೆತುಹೋದರೆ ಹಳೆಯ ಚಾಟ್ ಮರಳಿ ತರಲು ವಾಟ್ಸ್‌ಆ್ಯಪ್‌ಗೂ ಆಗದು. ಇನ್ನೊಂದು ಮಾತು: ನೀವು ಇಷ್ಟೆಲ್ಲ ಮಾಡಿ, ಎದುರಿನವರು ಮಾಡದಿದ್ದರೆ ಅದೇ ಸಂಭಾಷಣೆ ಅವರ ಬ್ಯಾಕಪ್‌ನಲ್ಲಿ ರಕ್ಷಣೆಯಿಲ್ಲದೆ ಬಿದ್ದಿರುತ್ತದೆ. ಅವರಿಗೂ ಹೇಳಿ.

ಎದುರಿರುವವರು ಅವರೇ ಹೌದೇ?

ಮುಖ್ಯವಾದ ವ್ಯಕ್ತಿಗಳ ಜತೆ ಒಮ್ಮೆ ಈ ಪರೀಕ್ಷೆ ಮಾಡಿ. ಸಿಗ್ನಲ್‌ನಲ್ಲಿ ಚಾಟ್ ತೆರೆದು ಮೇಲಿರುವ ಹೆಸರು ಒತ್ತಿದರೆ ಸೇಫ್ಟಿ ನಂಬರ್ ನೋಡುವ ಆಯ್ಕೆ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಅದೇ ಜಾಗದಲ್ಲಿ ‘ಎನ್‌ಕ್ರಿಪ್ಷನ್’ ಎಂದಿರುತ್ತದೆ. ಪರದೆಯ ಮೇಲೆ ಐದೈದು ಅಂಕಿಗಳ ಹನ್ನೆರಡು ಗುಂಪು, ಒಟ್ಟು 60 ಅಂಕಿ ಬರುತ್ತದೆ. ಇಬ್ಬರ ಫೋನಿನಲ್ಲೂ ಅದು ಒಂದೇ ಆಗಿರಬೇಕು. ಎದುರುಬದುರು ಕೂತಿದ್ದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಮುಂದೆ ಯಾವತ್ತಾದರೂ ಈ ನಂಬರ್ ಬದಲಾಗಿದೆ ಎಂಬ ಸೂಚನೆ ಬಂದರೆ ಅವರು ಫೋನ್ ಬದಲಿಸಿರಬಹುದು ಅಥವಾ ಆ್ಯಪ್ ಮತ್ತೆ ಹಾಕಿಕೊಂಡಿರಬಹುದು. ಬೇರೆ ದಾರಿಯಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೇ ಗುಟ್ಟಿನ ವಿಷಯ ಬರೆಯಿರಿ.

ನಿಮ್ಮ ಖಾತೆಗೆ ಜೋಡಿಸಿದ ಸಾಧನಗಳನ್ನು ತೋರಿಸುವ ‘ಲಿಂಕ್ಡ್ ಡಿವೈಸಸ್’ ಪಟ್ಟಿಯನ್ನೂ ಆಗಾಗ ನೋಡಿ, ಗುರುತಿಲ್ಲದ ಕಂಪ್ಯೂಟರ್ ಇದ್ದರೆ ಕೂಡಲೇ ತೆಗೆದುಹಾಕಿ. ಗ್ರೂಪ್ ಸೇರಲು ಎಂದು ಯಾರೋ ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿ, ತಮ್ಮ ಸಾಧನವನ್ನೇ ನಿಮ್ಮ ಖಾತೆಗೆ ಜೋಡಿಸಿಕೊಳ್ಳುವ ಮೋಸ ನಡೆಯುತ್ತಿದೆ. ಖಾತೆಗೆ ಪಿನ್ ಹಾಕಿ, ಒಟಿಪಿ ಯಾರಿಗೂ ಹೇಳಬೇಡಿ.

ಗ್ರೂಪ್‌ನಲ್ಲಿ ಯಾರಿದ್ದಾರೆ ಎಂಬುದನ್ನು ಮಾತ್ರ ಯಾವ ಆ್ಯಪ್ ಕೂಡ ನಿಮ್ಮ ಪರವಾಗಿ ನೋಡಿಕೊಳ್ಳದು. 2025ರ ಮಾರ್ಚ್‌ನಲ್ಲಿ ಅಮೆರಿಕದ ಉನ್ನತ ಅಧಿಕಾರಿಗಳ ಸಿಗ್ನಲ್ ಗ್ರೂಪಿಗೆ ಪತ್ರಿಕೆಯೊಂದರ ಸಂಪಾದಕರನ್ನು ತಪ್ಪಾಗಿ ಸೇರಿಸಿ, ಸೇನಾ ದಾಳಿಯ ವಿವರ ಹೊರಬಿತ್ತು. ಎನ್‌ಕ್ರಿಪ್ಷನ್ ಅಲ್ಲಿ ಸರಿಯಾಗಿಯೇ ಕೆಲಸ ಮಾಡಿತ್ತು.

ಬದಲಾಯಿಸುವುದು ಹೇಗೆ?

ಇಡೀ ಬಳಗವನ್ನು ಒಂದೇ ದಿನ ಹೊಸ ಆ್ಯಪ್‌ಗೆ ಎಳೆದು ತರಲು ಹೋಗಬೇಡಿ, ಆಗುವ ಮಾತಲ್ಲ. ಅತಿ ಖಾಸಗಿ ವಿಷಯ ಹಂಚಿಕೊಳ್ಳುವ ಇಬ್ಬರೋ ಮೂವರೋ ಇರುತ್ತಾರೆ, ಅವರೊಡನೆ ಶುರು ಮಾಡಿ. ಆ್ಯಪ್ ಹಾಕಿಕೊಡಿ, ಜತೆಯಲ್ಲೇ ಕೂತು ಸೇಫ್ಟಿ ನಂಬರ್ ಹೊಂದಿಸಿ, ಮೆಸೇಜು ತಾನಾಗಿ ಅಳಿಯುವ ಅವಧಿ ನಿಗದಿ ಮಾಡಿ, ಒಂದು ವಿಡಿಯೊ ಕಾಲ್ ಮಾಡಿ ನೋಡಿ. ಒಪ್ಪದವರಿದ್ದರೆ ಹಳೆಯ ಆ್ಯಪ್‌ನಲ್ಲೇ ಅವರ ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿಕೊಟ್ಟು ಬನ್ನಿ.