ಮೊದಲು ಕದಿರು ನೋಡಿ: ಅಜ್ಜಿಯ ರಾಟಿ ರಿಪೇರಿ ಮಾಡಿದ ನನ್ನ ಅನುಭವ

ಧಾರವಾಡದ ಹತ್ತಿರದ ಗರಗದ ಮನೆಯ ಅಟ್ಟದಿಂದ ಅಜ್ಜಿಯ ರಾಟಿ, ಅಂದರೆ ನೂಲುವ ಚರಕ, ಇಳಿಸಿದಾಗ ಕಣ್ಣಿಗೆ ಬಿದ್ದದ್ದು ಧೂಳು ಮತ್ತು ನುಸಿ ತಿಂದ ಮರ. ಹಾಗಾಗಿ ನಾನು ಮರದಿಂದಲೇ ಶುರು ಮಾಡಿದೆ. ಧಾರವಾಡಕ್ಕೆ ತಂದು ಮೂರು ವಾರ ಒರೆಸಿದೆ, ಉಜ್ಜಿದೆ, ಎಣ್ಣೆ ಹಚ್ಚಿದೆ. ನೋಡಲು ಚಂದ ಆಯಿತು. ಚಕ್ರದಿಂದ ಕದಿರಿಗೆ ಹುರಿ ಕಟ್ಟಿ ತಿರುಗಿಸಿದರೆ ಕದಿರು, ಅಂದರೆ ನೂಲು ತಿರುಚಿ ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿ, ಗಡಗಡ ನಡುಗಿತು. ಒಂದು ಗೇಣು ನೂಲು ಬರಲಿಲ್ಲ. ಈಗ ಯಾರಾದರೂ ಹಳೆ ರಾಟಿ ತೋರಿಸಿ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ, ಮೊದಲು ಕದಿರು ನೋಡಿ ಅಂತಲೇ ಹೇಳುತ್ತೇನೆ.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ನಮ್ಮ ರಾಟಿಯ ಚಕ್ರ ಅಂಚಿನಿಂದ ಅಂಚಿಗೆ 22 ಇಂಚು. ಕದಿರಿನ ಮೇಲೆ ಹುರಿ ಕೂರುವ ಪುಟ್ಟ ಗಾಲಿ ಅರ್ಧ ಇಂಚು. ಚಕ್ರ ಒಂದು ಸುತ್ತು ಹೋದರೆ ಕದಿರು 44 ಸುತ್ತು ಹೋಗಬೇಕು. ಹುರಿ ಜಾರುವುದನ್ನು ಕಳೆದರೂ 40ರ ಹತ್ತಿರ. ಇಷ್ಟು ಜೋರಾಗಿ ತಿರುಗುವ ಕಡ್ಡಿ ಕೂದಲೆಳೆಯಷ್ಟು ಸೊಟ್ಟ ಇದ್ದರೂ ತುದಿ ಕುಣಿಯುತ್ತದೆ. ತುದಿ ಕುಣಿದರೆ ಎಳೆ ಹರಿಯುತ್ತದೆ.

ಮೊದಲು ನಾನು ಹುಬ್ಬಳ್ಳಿಯ ಒಂದು ಲೇಥ್ ಅಂಗಡಿಯಲ್ಲಿ ಹೊಸ ಕದಿರು ಮಾಡಿಸಿದೆ. ನೆಟ್ಟಗಿತ್ತು, ಆದರೆ ದಪ್ಪ ಜಾಸ್ತಿ. ತುದಿ ಸೂಜಿಯಂತೆ ಚೂಪಾಗಿತ್ತು, ಮೈಮೇಲೆ ಉಳಿಯ ಗೆರೆಗಳು ಹಾಗೇ ಉಳಿದಿದ್ದವು. ಪ್ರತಿ ಗೆರೆಗೂ ನೂಲು ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬದಿಗಿಟ್ಟು ಅಜ್ಜಿಯ ಹಳೆ ಕದಿರನ್ನೇ ಮತ್ತೆ ಕೈಗೆ ತೆಗೆದುಕೊಂಡೆ. ಗಾಜಿನ ಟೇಬಲ್ ಮೇಲೆ ಉರುಳಿಸಿದೆ. ಎಲ್ಲಿ ಕೆಳಗೆ ಬೆಳಕು ಕಾಣುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಆಮೇಲೆ ಮರದ ತುಂಡಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಒಂದೇ ಏಟು. ಮತ್ತೆ ಉರುಳಿಸುವುದು, ಮತ್ತೆ ನೋಡುವುದು. ಎರಡು ಸಂಜೆ ಹಿಡಿಯಿತು. ಬೆಂಕಿಗೆ ಹಿಡಿಯಬೇಡಿ, ಕಬ್ಬಿಣ ಮೆತ್ತಗಾದರೆ ಮತ್ತೆ ಮತ್ತೆ ಬಗ್ಗುತ್ತದೆ. ಕೊನೆಗೆ ನಯವಾದ ಪಾಲಿಶ್ ಪೇಪರ್‌ನಿಂದ ಉದ್ದುದ್ದಕ್ಕೆ ಉಜ್ಜಿ ತುಕ್ಕು ತೆಗೆದೆ. ತುದಿಯನ್ನು ಮೊನಚಾಗಿ ಬಿಟ್ಟೆ, ಆದರೆ ಬೆರಳಿಗೆ ಚುಚ್ಚದಷ್ಟು ಗುಂಡಗೆ ಮಾಡಿದೆ.

ಕದಿರು ನೆಟ್ಟಗಾದರೆ ಸಾಲದು, ಅದು ಕೂರುವ ಜಾಗವೂ ಸರಿ ಇರಬೇಕು. ಎರಡು ಗೂಟಗಳಲ್ಲಿದ್ದ ತೊಗಲಿನ ತುಂಡುಗಳು ಒಣಗಿ ಹಪ್ಪಳದಂತಾಗಿದ್ದವು. ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ತೊಗಲು ತಂದೆ. ಔಡಲೆಣ್ಣೆಯಲ್ಲಿ ಒಂದು ರಾತ್ರಿ ನೆನೆಸಿದೆ. ತೂತನ್ನು ಡ್ರಿಲ್‌ನಿಂದ ಮಾಡಲಿಲ್ಲ, ದಬ್ಬಣದಿಂದ ಮಾಡಿದೆ. ಕದಿರಿಗಿಂತ ಸ್ವಲ್ಪ ಸಣ್ಣ ತೂತು. ತಿರುಗುತ್ತಾ ತಿರುಗುತ್ತಾ ಅದೇ ತನಗೆ ಬೇಕಾದಷ್ಟು ಜಾಗ ಮಾಡಿಕೊಳ್ಳುತ್ತದೆ.

ಇನ್ನು ಚಕ್ರ. ನಮ್ಮ ಕಡೆಯ ಹಳೆ ರಾಟಿಗಳಲ್ಲಿ ಚಕ್ರಕ್ಕೆ ಮರದ ಬಳೆ ಇರುವುದಿಲ್ಲ. ನಡುವಿನ ಗುಂಬದ ಎರಡೂ ಬದಿಗೆ ಮರದ ಪಟ್ಟಿಗಳು, ನಮ್ಮದರಲ್ಲಿ ಎಂಟೆಂಟು. ಒಂದು ಬದಿಯ ಪಟ್ಟಿ ಇನ್ನೊಂದು ಬದಿಯ ಎರಡು ಪಟ್ಟಿಗಳ ನಡುವೆ ಬರುತ್ತದೆ. ತುದಿಯಿಂದ ತುದಿಗೆ, ಈ ಬದಿಯಿಂದ ಆ ಬದಿಗೆ ಹಗ್ಗ ಹೆಣೆಯುತ್ತಾ ಹೋದರೆ ಅದೇ ಚಕ್ರದ ಅಂಚು. ಹುರಿ ಓಡುವುದು ಆ ಹಗ್ಗದ ಮೇಲೆ. ಇದನ್ನು ಬಿಗಿಯುವುದು ನನಗೆ ಬಹಳ ಕಷ್ಟವಾಯಿತು. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲ. ಚಕ್ರ ಮೊಟ್ಟೆಯ ಹಾಗೆ ತಿರುಗುತ್ತಿತ್ತು. ನಮ್ಮ ಓಣಿಯ ಬಡಿಗೇರ ಕಾಕಾ ಸುಮ್ನೆ ನೋಡುತ್ತಾ ನಿಂತಿದ್ದರು. ಆಮೇಲೆ ಹೇಳಿದರು, "ತಮ್ಮಾ, ಒಮ್ಮೆಲೆ ಜಗ್ಗಬ್ಯಾಡ. ಹೊರಸು ಹೆಣದಂಗ ಹೆಣಿ. ಮೊದಲು ಸಡ್ಲ ಬಿಡು, ಆಮ್ಯಾಲೆ ಎದರಾಬದರ ಒಂದೊಂದು ಎಳಿ." ಹೊರಸು ಅಂದರೆ ಹಗ್ಗದ ಮಂಚ. ಕಾಕಾ ಹೇಳಿದ ಹಾಗೇ ಮಾಡಿದೆ. ಎದುರುಬದುರಿನ ಎರಡೆರಡು ಪಟ್ಟಿಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ನಾಲ್ಕು ಸಲ ಸುತ್ತಿ ಬಂದೆ. ಚಕ್ರದ ಪಕ್ಕ ಒಂದು ಕಡ್ಡಿ ನಿಲ್ಲಿಸಿ ತಿರುಗಿಸಿದರೆ ಎಲ್ಲಿ ಉಬ್ಬಿದೆ ಅಂತ ಗೊತ್ತಾಗುತ್ತದೆ.

ಚಕ್ರದಿಂದ ಕದಿರಿಗೆ ಹೋಗುವ ಹುರಿಗೆ ನೈಲಾನ್ ದಾರ ಹಾಕಿ ನೋಡಿದೆ. ಜಾರಿತು. ಹತ್ತಿ ದಾರದ ಆರು ಎಳೆ ಹೊಸೆದು, ಜೇನುಮೇಣ ಮತ್ತು ರಾಳದ ಪುಡಿ ತಿಕ್ಕಿದಾಗ ಹಿಡಿತ ಬಂತು. ತುದಿಗಳನ್ನು ಗಂಟು ಹಾಕಬಾರದು. ಗಂಟು ಗಾಲಿಯ ಮೇಲೆ ಬಂದಾಗಲೆಲ್ಲ ಕದಿರಿಗೆ ಒದೆ ಬೀಳುತ್ತದೆ. ತುದಿಗಳನ್ನು ತೆಳ್ಳಗೆ ಮಾಡಿ, ಒಂದರ ಮೇಲೊಂದು ಇಟ್ಟು ಸೂಜಿಯಿಂದ ಹೊಲಿದೆ. ಮಳೆಗಾಲದಲ್ಲಿ ಹತ್ತಿ ಹುರಿ ತೇವ ಕುಡಿದು ಬಿಗಿಯಾಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಳಚಿ ಇಡುತ್ತೇನೆ.

ಮರದ ವಿಷಯ ಜಾಸ್ತಿ ಇಲ್ಲ. ಮಣೆ ಸಾಗವಾನಿ, ಗಟ್ಟಿಯಾಗೇ ಇತ್ತು. ನುಸಿ ಹಿಡಿದದ್ದು ಎರಡು ಪಟ್ಟಿಗಳಿಗೆ ಮಾತ್ರ. ತೂತುಗಳಿಗೆ ಸಿರಿಂಜ್‌ನಿಂದ ಟರ್ಪೆಂಟೈನ್ ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಇಟ್ಟೆ. ಆಮೇಲೆ ಎರಡು ತಿಂಗಳು ಕಪ್ಪು ಕಾಗದದ ಮೇಲೆ ಇಟ್ಟು ನೋಡಿದೆ, ಹೊಸ ಪುಡಿ ಬೀಳಲಿಲ್ಲ. ಬಣ್ಣ, ವಾರ್ನಿಶ್ ಏನೂ ಬೇಡ. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿದರೆ ಸಾಕು, ಒಣಗಲು ವಾರಗಟ್ಟಲೆ ಬೇಕು. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಬಿಸಾಕಬೇಡಿ. ಒಳಗೇ ಬಿಸಿಯಾಗಿ ತಾನಾಗೇ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ. ಹಿಡಿಕೆಯನ್ನು ಮಾತ್ರ ನಾನು ಉಜ್ಜಲಿಲ್ಲ. ಅಜ್ಜಿಯ ಬೆರಳು ತಿರುಗಿಸಿ ತಿರುಗಿಸಿ ಅಲ್ಲೊಂದು ತಗ್ಗು ಬಿದ್ದಿದೆ. ಅದು ಹಾಗೇ ಇರಬೇಕು.

ನೂಲಲು ಜಯಧರ ಹತ್ತಿ ಸಿಕ್ಕಿತು, ನಮ್ಮ ಎರೆಭೂಮಿಯದೇ ತಳಿ. ಗಿಡ್ಡ ಎಳೆ. ಅರಳೆ ಬಿಡಿಸಿ, ಕಡ್ಡಿಗೆ ಸುತ್ತಿ ಹಂಜಿ ಮಾಡಿಕೊಂಡೆ. ಹಂಜಿ ಎಳೆಯುವಾಗ ಎಳೆ ಕದಿರಿನ ತುದಿಗೆ ಓರೆಯಾಗಿರಬೇಕು. ಆಗ ಪ್ರತಿ ಸುತ್ತಿಗೂ ಎಳೆ ತುದಿಯಿಂದ ಜಾರಿ ಒಂದೊಂದು ತಿರುಚು ಬೀಳುತ್ತದೆ. ನೂತ ಎಳೆಯನ್ನು ಕದಿರಿಗೆ ಸುತ್ತುವಾಗ ಚಕ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಎಳೆಯನ್ನು ಅಡ್ಡ ಹಿಡಿದು ಮುಂದಕ್ಕೆ ಬಿಡಬೇಕು. ಇಂದಿನ ಖಾದಿ ಕೇಂದ್ರಗಳಲ್ಲಿ ಹೆಚ್ಚಾಗಿ ಒಂದಕ್ಕಿಂತ ಜಾಸ್ತಿ ಕದಿರಿನ ಚರಕಗಳಿವೆ. ಅವುಗಳಲ್ಲಿ ಉರುಳೆಗಳೇ ಹತ್ತಿ ಎಳೆಯುತ್ತವೆ. ಹಾಗಾಗಿ ಈ ಕೈಚಳಕ ಕಲಿಸಿಕೊಡುವವರು ಸಿಗುವುದು ಕಷ್ಟ. ನಾನು ಹರಿದ ನೂಲಿನ ರಾಶಿ ಹಾಕಿಯೇ ಕಲಿತೆ.

ನೂಲುವಾಗ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನೆನಪಾಯಿತು. ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡಬೇಕು ಅಂತ ಒಪ್ಪಿದ ಅಧಿವೇಶನ ಅದು, ಗಾಂಧೀಜಿ ಅಧ್ಯಕ್ಷರು. ಈ ದಪ್ಪ ನೂಲಿಗೆ ಇಂಚಿಗೆ ಸುಮಾರು 15 ತಿರುಚು ಬೇಕು. ಗಜಕ್ಕೆ 540 ಆಯಿತು. ಚಕ್ರದ ಒಂದು ಸುತ್ತಿಗೆ 40 ತಿರುಚು ಅಂತ ಹಿಡಿದರೆ, ನನ್ನ ರಾಟಿಯಲ್ಲಿ 2,000 ಗಜಕ್ಕೆ ಚಕ್ರವನ್ನು 27,000 ಸಲ ತಿರುಗಿಸಬೇಕು, ಅದೂ ತಿರುಚಿಗೆ ಮಾತ್ರ, ಸುತ್ತುವುದು ಬೇರೆ. ಹಿಡಿಕೆಯ ಆ ತಗ್ಗು ಹೇಗೆ ಬಿತ್ತು ಅಂತ ಆಗ ತಿಳಿಯಿತು.

ಒಂದು ಕೆಲಸ ಇನ್ನೂ ಬಾಕಿ ಇದೆ. ನುಸಿ ತಿಂದ ಪಟ್ಟಿಗಳಲ್ಲಿ ಒಂದು ಬುಡದಲ್ಲಿ ಬಿರಿದಿದೆ. ಪ್ರತಿ ಸುತ್ತಿಗೂ ಟಿಕ್ ಅನ್ನುತ್ತದೆ. ಕಾಕಾ ಜಾಲಿ ಮರದ ತುಂಡೊಂದನ್ನು ಕೊಟ್ಟಿದ್ದಾರೆ. ಅದು ಹಸಿ. ನೆರಳಲ್ಲಿ ಒಣಗಲಿ ಅಂತ ಅಟ್ಟದ ಮೇಲೆ ಇಟ್ಟಿದ್ದೇನೆ.