ಸೊಪ್ಪಿನ ರಸ ಹಾಕಿ ರಕ್ತ ಹೆಪ್ಪುಗಟ್ಟದಂಗೆ ತಡೆಯೋ ಪ್ರಾಜೆಕ್ಟ್ ಹೆಂಗೆ ಮಾಡೋದು

ಮೈಸೂರು-ಮಂಡ್ಯ ಕಡೆ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಕೋರ್ಸ್), ಬಯೋಕೆಮಿಸ್ಟ್ರಿ ಓದ್ತಾ ಇರೋರು ಟ್ಯೂಬಿಗೆ ತೆಗೆದ ರಕ್ತಕ್ಕೆ ಇಡಿಟಿಎ (ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪು ತಡೆಯೋ ಲ್ಯಾಬ್ ಕೆಮಿಕಲ್) ಬದಲು ಸೊಪ್ಪಿನ ರಸ ಹಾಕಿ ನೋಡೋ ಈ ಪ್ರಾಜೆಕ್ಟ್ ತಗೊಂಡಿದ್ರೆ ಮೊದ್ಲು ಗಿಡ ಸರಿಯಾಗಿ ಆರಿಸ್ಕೊಳ್ಳಿ. ಕೂಮರಿನ್ ಇರೋ ಗಿಡ ರಕ್ತ ತೆಳು ಮಾಡುತ್ತೆ ಅಂತ ಓದ್ಕೊಂಡು ಹೋಗ್ಬೇಡಿ, ವಾರ್ಫರಿನ್ (ಕೂಮರಿನ್ ಮನೆತನದ, ರಕ್ತ ತೆಳು ಮಾಡೋ ಔಷಧಿ) ಜಾತಿಯದ್ದೆಲ್ಲ ಕೆಲ್ಸ ಮಾಡೋದು ಲಿವರ್‌ನಲ್ಲಿ, ವಿಟಮಿನ್ ಕೆ ದಾರಿಗೆ ಅಡ್ಡ ಹಾಕಿ ಹೊಸ ಕ್ಲಾಟಿಂಗ್ ಫ್ಯಾಕ್ಟರ್ (ಹೆಪ್ಪುಗಟ್ಟಿಸೋ ಪ್ರೊಟೀನ್) ಸರಿಯಾಗಿ ತಯಾರಾಗದಂಗೆ ಮಾಡುತ್ತೆ, ಟ್ಯೂಬಿಗೆ ಬಂದ ರಕ್ತದಲ್ಲಿ ಅವೆಲ್ಲ ಆಗ್ಲೇ ರೆಡಿ ಇರ್ತವಲ್ಲ, ಅಲ್ಲಿ ಅದರ ಆಟ ನಡೆಯಲ್ಲ. ಬೆಳ್ಳುಳ್ಳಿನೂ ಮುಖ್ಯವಾಗಿ ಪ್ಲೇಟ್‌ಲೆಟ್ ಅಂಟದಂಗೆ ಮಾಡುತ್ತೆ ಅಷ್ಟೆ. ಸೀಗೆಕಾಯಿ ಬೇಡ್ವೇ ಬೇಡ, ಅದರಲ್ಲಿ ನೊರೆ ಬರಿಸೋ ಸ್ಯಾಪೊನಿನ್ ಕೆಂಪು ಕಣನೇ ಒಡೆದು ಹಾಕುತ್ತೆ. ಹುರುಳಿಕಾಳೂ ಬೇಡ, ಅದರಲ್ಲಿರೋ ಲೆಕ್ಟಿನ್ ಅನ್ನೋ ಪ್ರೊಟೀನು ಎ1 ಗುಂಪಿನ (ಎ ರಕ್ತದ ಗುಂಪಿನ ಒಳಜಾತಿ) ಕೆಂಪು ಕಣಗಳನ್ನ ಗುಂಪುಗಟ್ಟಿಸುತ್ತೆ (ಬ್ಲಡ್ ಬ್ಯಾಂಕ್‌ನಲ್ಲಿ ಎ1 ಕಂಡುಹಿಡಿಯೋಕೆ ಅದನ್ನೇ ಬಳಸೋದು, ನಮ್ಮ ಹುರುಳಿಸಾರಿಗೆ ಇಂಥ ನೆಂಟಸ್ತನ!). ಹಿಪ್ಪುನೇರಳೆ ಎಲೆ ಟ್ರೈ ಮಾಡಿ, ಮಂಡ್ಯದಲ್ಲಿ ತೋಟಕ್ಕೇನು ಬರ.

ಎಲೆ ತೊಳ್ದು ನೆರಳಲ್ಲಿ ಒಣಗಿಸಿ ಪುಡಿ ಮಾಡಿ. 10 ಗ್ರಾಂ ಪುಡಿಗೆ 100 ಎಂಎಲ್ ನಾರ್ಮಲ್ ಸಲೈನ್ (0.9 ಶೇಕಡ ಉಪ್ಪುನೀರು), ರಾತ್ರಿ ಫ್ರಿಜ್‌ನಲ್ಲಿ ನೆನೆಸಿ, ಬಟ್ಟೆಲಿ ಸೋಸಿ ಆಮೇಲೆ ಫಿಲ್ಟರ್ ಪೇಪರ್‌ಲಿ. ಬರೀ ನೀರಲ್ಲಿ ಮಾಡಿದ್ರೆ ಕೆಂಪು ಕಣ ನೀರು ಕುಡ್ದು ಒಡೆಯಬಹುದು. ಪಿಹೆಚ್ ನೋಡಿ 7.4 ಹತ್ರ ತನ್ನಿ, ನಿಂಬೆರಸ ಟ್ರೈ ಮಾಡೋರು ಇದನ್ನ ಬಿಟ್ರೆ ಮುಗೀತು, ಸಿಟ್ರೇಟ್ ಕ್ಯಾಲ್ಸಿಯಂ ಹಿಡಿಯೋದು ನಿಜ, ಆದ್ರೆ ಆ ಹುಳಿಗೆ ರಕ್ತನೇ ಕೆಡುತ್ತೆ.

ರಕ್ತ ತೆಗೆಯೋಕೆ ಎಥಿಕ್ಸ್ ಕಮಿಟಿ ಒಪ್ಪಿಗೆ, ವಾಲಂಟಿಯರ್ ಸಹಿ, ತೆಗೆಯೋಕೆ ಬರೋರು, ಇವು ಮೂರೂ ಇರ್ಲೇಬೇಕು. ಗಾಜಿನ ಟ್ಯೂಬ್‌ಗಳಲ್ಲಿ 0.1 ಎಂಎಲ್ ರಸ, ಒಂದೊಂದರಲ್ಲಿ ಒಂದೊಂದು ಸಾಂದ್ರತೆ, 10, 5, 2.5 ಶೇಕಡ ಹಿಂಗೆ, ಒಂದರಲ್ಲಿ ಬರೀ ಸಲೈನ್, ಇನ್ನೊಂದು ಇಡಿಟಿಎ. ಎಲ್ಲಕ್ಕೂ 0.9 ಎಂಎಲ್ ರಕ್ತ ಹಾಕಿ ಮೆಲ್ಲಗೆ ತಿರುಗಿಸಿ, ಕುಲುಕ್ಬೇಡಿ. 37 ಡಿಗ್ರಿ ವಾಟರ್ ಬಾತ್‌ಲಿ ಇಟ್ಟು 30 ಸೆಕೆಂಡಿಗೊಂದ್ಸಲ ವಾಲಿಸಿ ನೋಡಿ ಟೈಮ್ ಬರ್ಕೊಳ್ಳಿ. ಸಲೈನ್ ಟ್ಯೂಬೇ ಗಟ್ಟಿಯಾಗಿಲ್ಲ ಅಂದ್ರೆ ಆ ಸೆಟ್ ಬಿಸಾಕಿ.

ಹೆಪ್ಪುಗಟ್ಟಲಿಲ್ಲ ಅಂತ ಕುಣಿಯೋದು ಬೇಡ, ಅಸಲಿ ಪರೀಕ್ಷೆ ಈಗ. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಪ್ಲಾಸ್ಮಾ ಕೆಂಪಗಿದ್ರೆ ಕಣ ಒಡೆದಿದೆ ಅಂತ. ಲೀಶ್ಮನ್ ಸ್ಟೇನ್ (ಕಣಗಳಿಗೆ ಹಾಕೋ ಬಣ್ಣ) ಹಾಕಿ ಸ್ಮಿಯರ್ (ಗಾಜಿನ ಮೇಲೆ ತೆಳ್ಳಗೆ ಹರಡಿದ ರಕ್ತ) ನೋಡಿ, ಇಡಿಟಿಎ ಸ್ಮಿಯರ್ ಪಕ್ಕದಲ್ಲಿಟ್ಕೊಂಡು: ಕೆಂಪು ಕಣ ಮುಳ್ಳುಮುಳ್ಳಾಗಿದ್ಯಾ, ಬಿಳಿಕಣದ ನ್ಯೂಕ್ಲಿಯಸ್ ಸರಿಯಿದ್ಯಾ, ಪ್ಲೇಟ್‌ಲೆಟ್ ಗುಡ್ಡೆಯಾಗಿದ್ಯಾ. ರಸದಲ್ಲಿ ಟ್ಯಾನಿನ್ (ಒಗರು ಕೊಡೋ ಅಂಶ) ಜಾಸ್ತಿ ಇದ್ರೆ ಪ್ರೊಟೀನ್ ಕೂತು ರಕ್ತ ಕೆಸರಂಗೆ ಆಗುತ್ತೆ, ಅದನ್ನ ಹೆಪ್ಪು ಅಂದ್ಕೊಬೇಡಿ. ದ್ರವವಾಗೇ ಉಳಿದ ಟ್ಯೂಬಿಗೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ನೋಡಿ, ಆಗ ಗಟ್ಟಿಯಾದ್ರೆ ರಸ ಕ್ಯಾಲ್ಸಿಯಂ ಹಿಡಿತಿತ್ತು ಅನ್ನೋ ಸುಳಿವು, ಇಡಿಟಿಎ ಥರಾನೇ. ಆಗದಿದ್ರೆ ಬೇರೆ ಏನೋ ಕೆಲ್ಸ ಮಾಡ್ತಿದೆ.

ಎಲೆಯಲ್ಲಿ ಪೊಟ್ಯಾಸಿಯಂ ಇರುತ್ತೆ, ಹಂಗಾಗಿ ಆ ಪ್ಲಾಸ್ಮಾದಲ್ಲಿ ಎಲೆಕ್ಟ್ರೋಲೈಟ್ ನೋಡೋದು ದಂಡ. ಹಸಿರು ಬಣ್ಣ ಹಿಮೋಗ್ಲೋಬಿನ್ ರೀಡಿಂಗ್ ಕೆಡಿಸ್ಬಹುದು, ಕಾಲೇಜಿನ ಸೆಲ್ ಕೌಂಟರ್‌ಗೂ ಕಚ್ಚಾ ರಸ ಹಾಕ್ಬೇಡಿ, ಕಟ್ಕೊಂಡ್ರೆ ಸರ್ವೀಸ್ ಬಿಲ್ ನಿಮ್ಮ ಹೆಸ್ರಿಗೇ ಬರೋದು. ಪೇಷಂಟ್ ರಿಪೋರ್ಟಿಗೆ ಇದನ್ನ ಬಳಸೋ ಮಾತೇ ಇಲ್ಲ. ಮುಗಿದ ಮೇಲೆ ರಕ್ತ ಸಿಂಕಿಗೆ ಸುರಿಯದೆ ಹೈಪೋಕ್ಲೋರೈಟ್‌ಗೆ ಹಾಕಿ, ಸೂಜಿಗೆ ಬಿಳಿ ಡಬ್ಬಿ, ಗಾಜಿನ ಟ್ಯೂಬ್‌ಗೆ ನೀಲಿ ಗುರುತಿನ ಪೆಟ್ಟಿಗೆ.